ಎರಡು ಕೆಲಸಕ್ಕೆ ಒಂದೇ ಜೊತೆ ಕೈ

ಆ ಬಟ್ಟೆ ನಮ್ಮ ಲೈನಿಗೆ ಬಂದ ದಿನ ಎಲ್ಲರೂ ಮುಟ್ಟಿ ಮುಟ್ಟಿ ನೋಡಿದೆವು. ಅಲ್ಲಿಯವರೆಗೆ ನಾವು ಹೊಲಿಯುತ್ತಿದ್ದದ್ದು ಗಂಡಸರ ಕಾಟನ್ ಶರ್ಟು. ಇದು ಹೆಂಗಸರ ಮೇಲಂಗಿ, ಹಾಲಿನ ಕೆನೆಯ ಬಣ್ಣ, ಹಿಡಿದರೆ ಜಾರಿ ಹೋಗುವಷ್ಟು ನುಣುಪು. ಪಕ್ಕದ ಮಿಷನ್ನಿನ ದೊಡ್ಡಮಳೂರಿನ ಹುಡುಗಿ ಒಂದು ತೋಳಿನ ತುಂಡನ್ನು ಕೆನ್ನೆಗೆ ಒತ್ತಿಕೊಂಡು, "ಇದನ್ನ ಹಾಕ್ಕೊಳೋರು ಮನೆಕೆಲಸ ಮಾಡಲ್ಲ ಕಣಕ್ಕ" ಅಂತ ನಕ್ಕಳು. ನಾನೂ ನಗುತ್ತಾ ಒಂದು ತುಂಡು ಎತ್ತಿಕೊಂಡೆ. ಬಟ್ಟೆ ನನ್ನ ಬೆರಳಿಗೆ ಕಚ್ಚಿಕೊಂಡಿತು. ಮೆಲ್ಲಗೆ ಬಿಡಿಸಿಕೊಂಡೆ. ಒಂದು ಎಳೆ ಕೂದಲಿನ ಹಾಗೆ ಎದ್ದು ನಿಂತಿತ್ತು. ಯಾರೂ ನೋಡಲಿಲ್ಲ ಅಂದುಕೊಂಡು ಅದನ್ನು ಬಂಡಲಿನ ಅಡಿಗೆ ಸೇರಿಸಿಬಿಟ್ಟೆ.

ನನಗೆ ಆಗ ಎರಡು ಕೆಲಸ. ಬೆಳಗಾಗುತ್ತಲೇ ಚನ್ನಪಟ್ಟಣದ ನಮ್ಮ ಬೀದಿಯ ಹಿಂದಿನ ಓಣಿಯಲ್ಲಿದ್ದ ಸಣ್ಣ ಫಿಲೇಚರಿಗೆ ಹೋಗಿ ರೇಷ್ಮೆ ನೂಲು ತೆಗೆಯುವುದು. ಕಂಪನಿ ಬಸ್ಸು ಬರುವ ಹೊತ್ತಿಗೆ ಕೈ ತೊಳೆದುಕೊಂಡು ಓಡುವುದು. ರಾಮನಗರದ ಕಡೆ ಹೆದ್ದಾರಿ ಪಕ್ಕ ಹೊಸದಾಗಿ ಎದ್ದಿದ್ದ ಗಾರ್ಮೆಂಟ್ಸಿನಲ್ಲಿ ಸಂಜೆಯವರೆಗೆ ಹೊಲಿಯುವುದು. ಭಾನುವಾರ ಗಾರ್ಮೆಂಟ್ಸಿಗೆ ರಜೆ, ಹಾಗಾಗಿ ಅವತ್ತು ಇಡೀ ದಿನ ಫಿಲೇಚರು. ನಮ್ಮ ಯಜಮಾನರು ಬಣ್ಣದ ಗೊಂಬೆ ಮಾಡುವ ಕಡೆ ಲೇತಿನಲ್ಲಿ ಮರ ಕಡೆಯುತ್ತಿದ್ದರು. ಪ್ಲಾಸ್ಟಿಕ್ ಗೊಂಬೆ ಬಂದ ಮೇಲೆ ಆ ಕೆಲಸ ವಾರದಲ್ಲಿ ಇದ್ದರೆ ಇತ್ತು, ಇಲ್ಲದಿದ್ದರೆ ಇಲ್ಲ. ಇದ್ದ ದಿನ ಕರೆಂಟು ಇರುತ್ತಿರಲಿಲ್ಲ. ಸಂಜೆ ಅವರು ಹೆದ್ದಾರಿಯ ಒಂದು ಹೋಟೆಲಿಗೆ ನೀರು ಹೊತ್ತು ಹಾಕಲು ಹೋಗುತ್ತಿದ್ದರು. ಇಬ್ಬರಿಗೆ ನಾಲ್ಕು ಕೆಲಸ. ಆದರೂ ತಿಂಗಳ ಕೊನೆಯಲ್ಲಿ ಮುದ್ದೆಗೆ ಸಾರಿಲ್ಲದೆ ಉಪ್ಪು ಮೆಣಸಿನಕಾಯಿ ನುರಿದುಕೊಂಡು ಉಂಡದ್ದುಂಟು.

ಫಿಲೇಚರ್ ಅಂದರೆ ದೊಡ್ಡದೇನಲ್ಲ. ಶೀಟು ಹೊದಿಸಿದ ಒಂದು ಕೋಣೆ, ಮೂಲೆಯಲ್ಲಿ ಸೌದೆ ಒಲೆ, ಗೂಡು ಬೇಯಿಸುವ ಹಂಡೆ, ಸಾಲಾಗಿ ಬೇಸಿನ್ನುಗಳು. ಕುದಿಯುವ ನೀರಿನಲ್ಲಿ ಬೆಂದ ಗೂಡನ್ನು ಬೇಸಿನ್ನಿನ ಬಿಸಿನೀರಿಗೆ ಹಾಕಿಕೊಂಡು, ಒಂದೊಂದು ಗೂಡಿನ ತುದಿಯ ಎಳೆಯನ್ನು ಬೆರಳಿನಿಂದ ಹುಡುಕಿ ತೆಗೆಯಬೇಕು. ಹಲವು ಎಳೆ ಕೂಡಿಸಿದರೆ ಒಂದು ನೂಲು. ನೂಲು ಮೇಲೆ ರಾಟೆಗೆ ಸುತ್ತಿಕೊಳ್ಳುತ್ತಾ ಹೋಗುತ್ತದೆ. ಒಂದು ಗೂಡು ಮುಗಿದು ಹುಳ ಉಳಿಯಿತೋ, ನೂಲು ತೆಳುವಾಗುವ ಮುಂಚೆ ಇನ್ನೊಂದು ಗೂಡಿನ ಎಳೆ ಎಸೆದು ಸೇರಿಸಬೇಕು. ಕೈ ನೀರಿನಿಂದ ಆಚೆ ಬರುವ ಹಾಗೇ ಇಲ್ಲ. ಬೆರಳ ತುದಿ ಬಾತುಕೊಂಡು ಬೆಳ್ಳಗಾಗಿ ಸುಕ್ಕುಗಟ್ಟುತ್ತದೆ. ಗೂಡಿನ ಅಂಟು ಅದರ ಮೇಲೆ ಒಣಗಿದರೆ ಚರ್ಮ ಬಿರಿಯುತ್ತದೆ, ಬಿರಿದ ಕಡೆ ಸಿಪ್ಪೆ ಏಳುತ್ತದೆ. ಕಾಟನ್ ಬಟ್ಟೆಗೆ ಅದು ತೊಂದರೆ ಕೊಟ್ಟಿರಲಿಲ್ಲ. ಬಸ್ಸಿನಲ್ಲಿ ಹುಳದ ವಾಸನೆಗೆ ಯಾರಾದರೂ ಮೂಗು ಮುಚ್ಚಿಕೊಂಡರೆ ಕಿಟಕಿ ಕಡೆ ತಿರುಗಿ ಕೂರುತ್ತಿದ್ದೆ, ಅಷ್ಟೆ.

ಫಿಲೇಚರು ಒಂದು ಸಾಬರ ಮನೆಯವರದು. ಗಂಡ ಮಾರುಕಟ್ಟೆಯಿಂದ ಗೂಡು ತರುತ್ತಿದ್ದರು, ಹೆಂಡತಿ ಒಳಗಿನ ಕೆಲಸ ನೋಡಿಕೊಳ್ಳುತ್ತಿದ್ದರು. ನನಗಿಂತ ಬಹಳ ದೊಡ್ಡವರು, ಅಕ್ಕ ಅನ್ನುವ ಹಾಗೆ ಎಲ್ಲರೂ ಆಪಾ ಅನ್ನುತ್ತಿದ್ದೆವು. ಹೊರದೇಶದ ನೂಲು ಬಂದು ನಮ್ಮ ನೂಲನ್ನು ಕೇಳುವವರು ಕಡಿಮೆಯಾದ ಮೇಲೆ ಆಪಾ ಒಬ್ಬೊಬ್ಬರನ್ನೇ ಕೆಲಸದಿಂದ ಬಿಡಿಸಿದರು. ಕೊನೆಗೆ ಉಳಿದದ್ದು ಎರಡು ಬೇಸಿನ್ನು. ಒಂದರಲ್ಲಿ ನಾನು, ಇನ್ನೊಂದರಲ್ಲಿ ಆಪಾನೇ. ನಾನು ಬಸ್ಸಿಗೆ ಓಡಿದ ಮೇಲೆ ನನ್ನ ಬೇಸಿನ್ನಿನಲ್ಲಿ ಉಳಿದ ಗೂಡನ್ನೂ ಅವರೇ ಮುಗಿಸುತ್ತಿದ್ದರು. ಮಾಲಕಿ ಅನ್ನಿಸುವಂಥದ್ದು ಅವರ ಮೈಮೇಲೆ ಏನೂ ಇರಲಿಲ್ಲ. ಅವರ ಬೆರಳು ನನ್ನದಕ್ಕಿಂತ ಕೆಟ್ಟದಾಗಿತ್ತು. ಉಗುರು ಒಂದೂ ನೆಟ್ಟಗಿರಲಿಲ್ಲ.

ಗಾರ್ಮೆಂಟ್ಸಿನಲ್ಲಿ ನನ್ನದು ತೋಳು ಕೂಡಿಸುವ ಮಿಷನ್ನು. ತೋಳಿನ ದುಂಡು ಅಂಚನ್ನು ಮೈಭಾಗದ ದುಂಡು ಅಂಚಿಗೆ ಹೊಂದಿಸಿ, ಬಲಗೈ ಎಳೆಯುತ್ತಾ ಹೋದರೆ ಎಡಗೈ ಬಟ್ಟೆಯನ್ನು ಸವರಿಕೊಂಡು ತಿರುಗಿಸಬೇಕು. ಎಡಗೈ ಬೆರಳು ಬಟ್ಟೆಯಿಂದ ಏಳುವಂತಿಲ್ಲ. ಹೊಸ ಬಟ್ಟೆ ಶುರುವಾಗಿ ವಾರ ಕಳೆಯುವುದರೊಳಗೆ ಚೆಕಿಂಗ್ ಟೇಬಲಿನಿಂದ ಪೀಸುಗಳು ವಾಪಸ್ ಬರತೊಡಗಿದವು. ಎಲ್ಲದರಲ್ಲೂ ತೋಳಿನ ಹೊಲಿಗೆಯ ಹತ್ತಿರ ಎಳೆ ಎದ್ದಿದೆ, ದೀಪಕ್ಕೆ ಹಿಡಿದರೆ ಗೀರು ಎಳೆದ ಹಾಗೆ ಕಾಣುತ್ತದೆ. ಲೈನಿನ ಸೂಪರ್‌ವೈಸರ್ ಕನಕಪುರದ ಕಡೆಯ ಹುಡುಗಿ, ವಯಸ್ಸಿನಲ್ಲಿ ನನಗಿಂತ ಚಿಕ್ಕವಳು. ಮೊದಲು ಮಿಷನ್ನಿನ ಮೇಲೆ ಅನುಮಾನ ಪಟ್ಟಳು. ಮೆಕ್ಯಾನಿಕ್ ಬಂದು ಸೂಜಿ ಬದಲಿಸಿದ, ಟೇಬಲಿನ ಅಂಚನ್ನು ಸವರಿ ನೋಡಿದ, ಬಟ್ಟೆ ಹಿಡಿಯುವ ಹಲ್ಲುಗಳನ್ನು ತೆಗೆದು ತಿಕ್ಕಿದ. ಆದರೂ ಪೀಸು ವಾಪಸ್ ಬರುತ್ತಲೇ ಇತ್ತು. ಆಮೇಲೆ ಅವಳು ನನ್ನ ಮಿಷನ್ನಿನ ಪಕ್ಕ ನಿಂತು ಬಹಳ ಹೊತ್ತು ನೋಡಿದಳು.

"ಅಕ್ಕ, ಒಸಿ ಕೈ ತೋರ್ಸಿ."

ತೋರಿಸಿದೆ. ಅವಳು ಮುಟ್ಟಲಿಲ್ಲ.

"ಏನಕ್ಕ ಇದು? ಪಾತ್ರೆ ತಿಕ್ಕಕ್ಕೆ ಹೋಗ್ತೀರಾ?"

"ಇಲ್ಲ ಮೇಡಂ. ಗೂಡು."

ಅವಳು ಅತ್ತಿತ್ತ ನೋಡಿ ತಗ್ಗಿದ ದನಿಯಲ್ಲಿ, "ಮ್ಯಾನೇಜರ್‌ಗೆ ಗೊತ್ತಾದ್ರೆ ನನ್ನೂ ಸೇರಿಸಿ ಕಳಿಸ್ತಾರೆ. ಏನಾದ್ರೂ ಮಾಡ್ಕೊಳಿ. ಸೋಮವಾರದಿಂದ ನಿಮ್ಮ ಮಿಷನ್ನಿಂದ ಒಂದು ಪೀಸೂ ವಾಪಸ್ ಬರಬಾರ್ದು" ಅಂದಳು. ಅವಳು ಕೆಟ್ಟವಳಾಗಿರಲಿಲ್ಲ. ಊಟದ ಹೊತ್ತಿನಲ್ಲಿ ನಮಗೆಲ್ಲಾ ಕಂತಿನ ಮೇಲೆ ನೈಟಿ ಮಾರುತ್ತಿದ್ದಳು. ಅವಳಿಗೂ ಒಂದು ಸಂಬಳ ಸಾಲುತ್ತಿರಲಿಲ್ಲ.

ಮೊದಲು ಕೊಬ್ಬರಿ ಎಣ್ಣೆ ಹಚ್ಚಿಕೊಂಡೆ. ಬಸ್ಸಿನಲ್ಲಿ ಕೂತು ಬೆರಳಿಗೆಲ್ಲಾ ತಿಕ್ಕಿ, ಸೆರಗಿನಲ್ಲಿ ಒರೆಸಿಕೊಂಡು ಒಳಗೆ ಹೋದೆ. ಎಳೆ ಏಳುವುದು ಕಡಿಮೆಯಾಯಿತು, ಆದರೆ ಕೆನೆಬಣ್ಣದ ಬಟ್ಟೆಯ ಮೇಲೆ ಹೆಬ್ಬೆಟ್ಟಿನ ಎಣ್ಣೆ ಗುರುತು ಬಿತ್ತು. ಇಸ್ತ್ರಿಯವನು ಅದನ್ನು ನೋಡಿ ಕೂಗಾಡಿದ. ಆಮೇಲೆ ದೊಡ್ಡಮಳೂರಿನ ಹುಡುಗಿ ಬ್ಯಾಂಡೇಜು ಪಟ್ಟಿ ತಂದು ಬೆರಳ ತುದಿಗಳಿಗೆ ಸುತ್ತಿಕೊಟ್ಟಳು. ಅದರ ಅಂಚು ಬಿಸಿಗೆ ಕಿತ್ತು ಬಂದು ಬಟ್ಟೆಗೆ ಅಂಟಿಕೊಂಡಿತು. ಕಡೆಗೆ ಅಂಗಡಿಯಿಂದ ರಬ್ಬರ್ ಬೆರಳುಟೊಪ್ಪಿಗೆ ತಂದೆ, ಬ್ಯಾಂಕಿನಲ್ಲಿ ನೋಟು ಎಣಿಸುವವರು ಹಾಕಿಕೊಳ್ಳುವಂಥದ್ದು. ರಬ್ಬರು ಬಟ್ಟೆಯನ್ನು ಹಿಡಿದುಕೊಂಡುಬಿಡುತ್ತಿತ್ತು, ಜಾರಲು ಬಿಡುತ್ತಿರಲಿಲ್ಲ. ತೋಳು ಮುದುರಿಕೊಂಡು ಹೊಲಿಗೆ ವಕ್ರವಾಯಿತು. ನನ್ನ ಮುಂದೆ ಬಂಡಲುಗಳು ಗುಡ್ಡೆಬಿದ್ದವು, ನನ್ನ ನಂತರದ ಮಿಷನ್ನಿನವರು ಸುಮ್ಮನೆ ಕೂರಬೇಕಾಯಿತು. ಲೈನಿನವರೆಲ್ಲಾ ಹೊತ್ತು ಮೀರಿ ಕೂತು ಟಾರ್ಗೆಟ್ ಮುಗಿಸಿದರು. ಬಸ್ಸಿನಲ್ಲಿ ನನ್ನ ಪಕ್ಕದ ಸೀಟು ಖಾಲಿಯೇ ಉಳಿಯಿತು.

ಆ ಭಾನುವಾರ ಫಿಲೇಚರಿನಲ್ಲಿ ಗೂಡು ಮಧ್ಯಾಹ್ನಕ್ಕೇ ಮುಗಿದಿತ್ತು. ಊಟಕ್ಕೆ ಬಂದಾಗ ಯಜಮಾನರು ಮನೆಯಲ್ಲಿದ್ದರು. ನಾವಿಬ್ಬರೂ ಬೆಳಕಿನಲ್ಲಿ ಒಬ್ಬರ ಮುಖ ಒಬ್ಬರು ನೋಡುತ್ತಿದ್ದದ್ದು ವಾರಕ್ಕೆ ಆ ಒಂದು ಹೊತ್ತು. ನಡೆದದ್ದನ್ನು ಹೇಳಿದೆ. ಅವರು ನನ್ನ ಕೈ ತೆಗೆದುಕೊಂಡು ಬಾಗಿಲಿನ ಬೆಳಕಿಗೆ ಹಿಡಿದು, ಮರದ ತುಂಡನ್ನು ನೋಡುವ ಹಾಗೆ ತಿರುಗಿಸಿ ತಿರುಗಿಸಿ ನೋಡಿದರು. ಎದ್ದು ಹೋಗಿ ಗೂಟಕ್ಕೆ ಸಿಕ್ಕಿಸಿದ್ದ ಚೀಲದಿಂದ ಮರ ತಿಕ್ಕಿ ನುಣುಪು ಮಾಡುವ ಉಪ್ಪುಕಾಗದ ತಂದರು.

"ಕೈ ಕೊಡು. ಅಲ್ಲಾಡಿಸ್ಬ್ಯಾಡ."

"ನಾನೇನ್ ಗೊಂಬೆಯಾ?"

"ಗೊಂಬೆಯಾಗಿದ್ರೆ ಈಟೊತ್ತಿಗೆ ಮುಗ್ಸಿರ್ತಿದ್ದೆ."

ಅಪರೂಪಕ್ಕೆ ಇಬ್ಬರೂ ನಕ್ಕೆವು. ನಗುತ್ತಲೇ ಅವರಿಗೆ ಕೆಮ್ಮು ಬಂತು. ಮರದ ಧೂಳಿನ ಕೆಮ್ಮು, ಬಂದರೆ ಬೇಗ ನಿಲ್ಲುತ್ತಿರಲಿಲ್ಲ. ಗೋಡೆ ಹಿಡಿದುಕೊಂಡು ನಿಂತು, ಸುಧಾರಿಸಿಕೊಂಡು ಮತ್ತೆ ಕೂತರು. ಒಂದೊಂದೇ ಬೆರಳನ್ನು ತೊಡೆಯ ಮೇಲೆ ಇಟ್ಟುಕೊಂಡು ತಿಕ್ಕಿದರು. ಮೊದಲು ಒರಟು ಕಾಗದ, ಆಮೇಲೆ ಸಣ್ಣದು. ಚರ್ಮ ಹಿಟ್ಟಿನ ಹಾಗೆ ಉದುರಿತು. ಉರಿಯುತ್ತಿತ್ತು, ಆದರೂ ಕೈ ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ಅಷ್ಟು ಹೊತ್ತು ಅವರು ನನ್ನ ಕೈ ಹಿಡಿದುಕೊಂಡು ಕೂತು ಎಷ್ಟು ಕಾಲವಾಗಿತ್ತೋ. ಮುಗಿದ ಮೇಲೆ ಪರೀಕ್ಷೆ ಮಾಡಿ ನೋಡಲು ಮನೆಯಲ್ಲಿ ಒಂದು ರೇಷ್ಮೆ ಸೀರೆಯೂ ಇರಲಿಲ್ಲ. ಅವರು ನನ್ನ ಬೆರಳನ್ನು ತಮ್ಮ ಕಣ್ಣುರೆಪ್ಪೆಯ ಮೇಲೆ ಸವರಿಸಿ, "ಆಯ್ತು, ನುಣ್ಗಾಯ್ತು" ಅಂದರು.

ಸೋಮವಾರ ಬೆಳಿಗ್ಗೆ ಆ ಬೆರಳುಗಳನ್ನು ಬೇಸಿನ್ನಿಗೆ ಅದ್ದಿದಾಗ ಕಣ್ಣು ಕತ್ತಲೆಗಟ್ಟಿತು. ತೆಳುವಾಗಿದ್ದ ಚರ್ಮಕ್ಕೆ ಬಿಸಿನೀರು ಮುಳ್ಳಿನ ಹಾಗೆ ಚುಚ್ಚಿತು. ಆಪಾ ನೋಡಿ ಏನಾಯಿತೆಂದು ಕೇಳಿದರು, ಏನಿಲ್ಲ ಅಂದೆ. ಗಾರ್ಮೆಂಟ್ಸಿನಲ್ಲಿ ಮೊದಲ ಬಂಡಲು ಸಲೀಸಾಗಿ ಹೋಯಿತು. ಬಟ್ಟೆ ಕಚ್ಚಲಿಲ್ಲ, ಎಳೆ ಏಳಲಿಲ್ಲ. ಸೂಪರ್‌ವೈಸರ್ ದೂರದಿಂದಲೇ ತಲೆ ಆಡಿಸಿದಳು. ಊಟದ ಗಂಟೆ ಹೊಡೆಯುವ ಮುಂಚೆ ನೋಡುತ್ತೇನೆ, ಮುಗಿಸಿಟ್ಟ ಪೀಸುಗಳ ತೋಳಿನ ಮೇಲೆ ಸಣ್ಣ ಸಣ್ಣ ಕೆಂಪು ಚುಕ್ಕೆ. ಬೆರಳು ಎಲ್ಲೆಲ್ಲಿ ಊರಿದ್ದೆನೋ ಅಲ್ಲೆಲ್ಲಾ.

ಸೂಜಿ ಚುಚ್ಚಿ ರಕ್ತ ತಾಗಿದರೆ ನಾವು ಎಂಜಲು ಹಚ್ಚಿ ಉಜ್ಜುತ್ತೇವೆ, ಕಲೆ ಹೋಗುತ್ತದೆ. ಹಾಗೇ ಮಾಡಿದೆ. ಉಜ್ಜಿದ ಬೆರಳಿನಿಂದ ಇನ್ನೊಂದು ಚುಕ್ಕೆ ಬಿತ್ತು. ದೊಡ್ಡಮಳೂರಿನ ಹುಡುಗಿ ತನ್ನ ಮಿಷನ್ ನಿಲ್ಲಿಸಿ ಬಂದು ಉಜ್ಜಿದಳು. ಅಷ್ಟರಲ್ಲಿ ಬಂಡಲು ಮುಂದಕ್ಕೆ ಹೋಗಿತ್ತು. ಆ ದಿನ ಚೆಕಿಂಗ್ ಟೇಬಲಿಗೆ ಮ್ಯಾನೇಜರೇ ಬಂದಿದ್ದರು.

ಸೂಪರ್‌ವೈಸರ್ ನನ್ನನ್ನು ಬಾತ್ರೂಮಿನ ಹತ್ತಿರ ಕರೆದುಕೊಂಡು ಹೋದಳು. ನಲ್ಲಿ ಬಿಟ್ಟು ನೀರಿನ ಸದ್ದಿನಲ್ಲಿ ಮಾತಾಡಿದಳು.

"ನಿಮ್ಮ ಹೆಸ್ರು ಹೇಳಿಲ್ಲ ಅಕ್ಕ. ಲೈನ್ ತಪ್ಪು ಅಂತ ಬೈಸ್ಕೊಂಡು ಬಂದೆ. ಇನ್ನೊಂದ್ಸಲ ಆಗಕ್ಕಿಲ್ಲ. ಅದಾದ್ರೂ ಬುಡಿ, ಇದಾದ್ರೂ ಬುಡಿ."

"ಅದು ದಿನಾ ಕೈಗೆ ಸಿಗೋ ದುಡ್ಡು ಮೇಡಂ. ಒಲೆ ಉರಿಯೋದೇ ಅದ್ರಿಂದ."

"ಹಂಗಾರೆ ಇದನ್ನ ಬುಡಿ."

"ಇದನ್ನ ಬಿಟ್ರೆ ಆಸ್ಪತ್ರೆ ಕಾರ್ಡು ಹೋಯ್ತದೆ."

ಅವಳು ನಲ್ಲಿ ನಿಲ್ಲಿಸಿದಳು. ನನ್ನ ಮುಖ ನೋಡದೆ, "ನಾನೇನ್ ಮಾಡ್ಲಿ ಹೇಳಿ" ಅಂದಳು. ನಿಜಕ್ಕೂ ಉತ್ತರ ಬೇಕಾಗಿತ್ತು ಅವಳಿಗೆ. ನಾನು ಬೆರಳುಗಳಿಗೆ ಸೆರಗು ಸುತ್ತಿಕೊಂಡು ಮಿಷನ್ನಿಗೆ ವಾಪಸ್ ಹೋದೆ.

ಕಾರ್ಡಿನ ವಿಷಯ ಇಷ್ಟು. ನಾನು ಗಾರ್ಮೆಂಟ್ಸಿನಲ್ಲಿ ಇರುವವರೆಗೆ ನಮ್ಮಿಬ್ಬರಿಗೂ ಆಸ್ಪತ್ರೆಯಲ್ಲಿ ಚಿಕಿತ್ಸೆ ಸಿಗುತ್ತಿತ್ತು. ಯಜಮಾನರ ಎದೆಯ ಎಕ್ಸ್‌ರೇ ಫೋಟೊ ತೆಗೆಸಲು ಡಾಕ್ಟರು ಹೇಳಿ ಎಷ್ಟೋ ದಿನವಾಗಿತ್ತು. ಹೋಗಬೇಕೆಂದರೆ ಇಬ್ಬರೂ ಒಂದು ದಿನದ ಕೆಲಸ ಬಿಡಬೇಕು, ಆ ದಿನ ಬರುತ್ತಲೇ ಇರಲಿಲ್ಲ. ಅವತ್ತು ಬಸ್ಸಿನಲ್ಲಿ ಬರುತ್ತಾ ಎರಡನ್ನೂ ತೂಗಿದೆ. ಫಿಲೇಚರು ಬಿಟ್ಟರೆ ಹೊಟ್ಟೆಗೆ ಕಡಿಮೆಯಾಗುತ್ತದೆ. ಗಾರ್ಮೆಂಟ್ಸು ಬಿಟ್ಟರೆ ಅವರ ಉಸಿರಿಗೆ ಕಡಿಮೆಯಾಗುತ್ತದೆ. ಹೊಟ್ಟೆಯನ್ನಾದರೂ ಒಸಿ ಕಟ್ಟಿಕೊಂಡು ಇರಬಹುದು ಅಂತ ಅನ್ನಿಸಿತು. ಬಸ್ಸಿನಿಂದ ಇಳಿದು ಮನೆಗೆ ಹೋಗದೆ ನೇರ ಓಣಿಗೆ ಹೋದೆ. ಮನೆಗೆ ಹೋಗಿ ಕೂತಿದ್ದರೆ ಧೈರ್ಯ ಬರುತ್ತಿರಲಿಲ್ಲ.

ಆಪಾ ಬಾಗಿಲ ಮುಂದೆ ಕೂತು ಮಾರನೆಯ ದಿನದ ಗೂಡು ಆರಿಸುತ್ತಿದ್ದರು. ಕಲೆ ಬಿದ್ದದ್ದು, ತೂತಾದದ್ದು ಬೇರೆ ಮೊರಕ್ಕೆ. ನಾನು ಪಕ್ಕದಲ್ಲಿ ಕೂತು ಆರಿಸತೊಡಗಿದೆ. ಅವರೇ ನನ್ನ ಕೈ ನೋಡಿದರು.

"ಯಾರು ತಿಕ್ಕಿದ್ದು ಹೀಗೆ?"

"ನಮ್ಮನೆಯವ್ರು."

"ಅರೆ, ಪಾಪ" ಅಂದರು. ನನಗೋ ಅವರಿಗೋ ಗೊತ್ತಾಗಲಿಲ್ಲ. ಕೈಯಲ್ಲಿದ್ದ ಗೂಡನ್ನು ಮೊರಕ್ಕೆ ಹಾಕಿ, "ಬಿಡ್ತೀಯಾ?" ಅಂದರು.

ನಾನು ಅತ್ತುಬಿಟ್ಟೆ. ನಾನು ಹೋದರೆ ಒಂದೇ ಬೇಸಿನ್ನಿಗಾಗಿ ಸೌದೆ ಉರಿಸಬೇಕು, ಅದು ಗಿಟ್ಟುವ ಮಾತಲ್ಲ ಅಂತ ನನಗೆ ಗೊತ್ತಿತ್ತು. ಅವರಿಗೂ ಗೊತ್ತಿತ್ತು. "ಅಳಬೇಡಮ್ಮ. ಕೈ ಅಂದ್ರೆ ದೇವರು ಎರಡೇ ಕೊಟ್ಟಿರೋದು" ಅಂತ ಒಳಗೆ ಹೋಗಿ, ಚಹಾ ಮಾಡಿಕೊಂಡು ಬಂದರು. ಕುಡಿದು ಎದ್ದಾಗ, ಒಲೆಯ ಹತ್ತಿರ ಇಟ್ಟಿದ್ದ ನನ್ನ ಹಳೆಯ ಸೀರೆಯನ್ನು ಮಡಿಸಿ ಕೈಗೆ ಕೊಟ್ಟರು. ನೀರಿಗೆ ನೆನೆಯದಿರಲೆಂದು ಸೊಂಟಕ್ಕೆ ಸುತ್ತಿಕೊಳ್ಳುತ್ತಿದ್ದ ಸೀರೆ.

ಬೆರಳು ವಾಸಿಯಾಯಿತು. ಸಿಪ್ಪೆ ಎದ್ದು, ಈರುಳ್ಳಿಯ ಹಾಗೆ ಪದರ ಬಿಟ್ಟು, ಒಳಗಿನಿಂದ ಮಗುವಿನದಂಥ ಗುಲಾಬಿ ಚರ್ಮ ಬಂತು. ನನ್ನ ಮಿಷನ್ನಿನಿಂದ ಪೀಸು ವಾಪಸ್ ಬರುವುದು ನಿಂತಿತು. ಬೆಳಗಿನ ದುಡ್ಡು ತಪ್ಪಿದ್ದಕ್ಕೆ ನಾನು ಸಂಜೆಯ ಮೇಲೂ ಭಾನುವಾರವೂ ಕೂರುವ ಓಟಿ, ಅಂದರೆ ಓವರ್‌ಟೈಮಿಗೆ, ಹೆಸರು ಕೊಟ್ಟೆ, ಆದ್ದರಿಂದ ಮನೆಗೆ ಬರುವುದು ಮೊದಲಿಗಿಂತ ತಡವಾಯಿತು. ಒಂದು ದಿನ ರಜೆ ಹಾಕಿ ಯಜಮಾನರನ್ನು ಆಸ್ಪತ್ರೆಗೆ ಕರೆದುಕೊಂಡು ಹೋದೆ. ಡಾಕ್ಟರು ಫೋಟೊವನ್ನು ಬೆಳಕಿಗೆ ಹಿಡಿದು, "ಧೂಳಿನ ಕೆಲಸ ಬಿಡಬೇಕು" ಅಂದರು. ಇವರು, "ಬುಟ್ಟು ಏನ್ ಮಾಡ್ಲಿ ಸಾ?" ಅಂದರು. ಕೇಳಿದ್ದು ಮರ್ಯಾದೆಯಿಂದಲೇ. ಡಾಕ್ಟರು ಮಾತ್ರೆ ಬರೆದುಕೊಟ್ಟರು. ಮಾರನೆಯ ದಿನ ಮೂಗಿಗೆ ಟವೆಲು ಕಟ್ಟಿಕೊಂಡು ಮತ್ತೆ ಲೇತಿಗೆ ಹೋದರು. ಮಾತ್ರೆಯಿಂದ ನಿದ್ದೆಯಾದರೂ ಬರುತ್ತಿತ್ತು.

ನುಣುಪು ಬಟ್ಟೆಯ ಆರ್ಡರ್ ಮುಗಿಯಿತು. ಮತ್ತೆ ಕಾಟನ್ ಶರ್ಟು ಬಂತು, ಯಾವ ಕೈಯಾದರೂ ಹೊಲಿಯಬಹುದಾದ ಬಟ್ಟೆ. ಆದರೆ ರಕ್ತದ ಕಲೆಯ ಗಲಾಟೆಯ ಮೇಲೆ ಮಾಡಿದ್ದ ನಿಯಮ ಹಾಗೇ ಉಳಿಯಿತು. ಹೊಸದಾಗಿ ಕೆಲಸ ಕೇಳಿಕೊಂಡು ಬರುವ ಹೆಂಗಸರನ್ನು ಗೇಟಿನಲ್ಲಿ ಸಾಲಾಗಿ ನಿಲ್ಲಿಸಿ, ಆಫೀಸಿನ ಒಬ್ಬ ಹುಡುಗ ಆ ನುಣುಪು ಬಟ್ಟೆಯದೇ ಒಂದು ತುಂಡನ್ನು ಅವರ ಬೆರಳುಗಳ ಮೇಲೆ ಎಳೆದು ನೋಡುತ್ತಿದ್ದ. ಕಚ್ಚಿಕೊಂಡರೆ ಪಕ್ಕಕ್ಕೆ. ಹೊಲ ಗದ್ದೆಯಲ್ಲಿ ದುಡಿದವರು, ಇಟ್ಟಿಗೆ ಹೊತ್ತವರು, ಗೂಡು ಬಿಚ್ಚಿದವರು ಎಲ್ಲಾ ಪಕ್ಕಕ್ಕೆ. ಕೆಲಸ ಯಾರಿಗೆ ಹೆಚ್ಚು ಬೇಕಾಗಿತ್ತೋ ಅವರೇ.

ಒಂದು ಸೋಮವಾರ ಬಸ್ಸಿನಿಂದ ಇಳಿದಾಗ ಆ ಸಾಲಿನಲ್ಲಿ ಆಪಾ ನಿಂತಿದ್ದರು. ಬುರ್ಖಾದ ಮುಸುಕು ಹಿಂದಕ್ಕೆ ಸರಿಸಿ, ಎರಡೂ ಕೈ ಮುಂದೆ ಚಾಚಿಕೊಂಡು. ಫಿಲೇಚರ್ ಮುಚ್ಚಿದ್ದು ಓಣಿಯವರಿಂದ ಕೇಳಿದ್ದೆ, ಹೋಗಿ ನೋಡಿಕೊಂಡು ಬರುವುದಕ್ಕೆ ಒಂದು ಭಾನುವಾರವೂ ಬಿಡುವಾಗಿರಲಿಲ್ಲ. ಓಟಿ ಇತ್ತು. ಹುಡುಗ ಬಟ್ಟೆ ಎಳೆದ. ಕಚ್ಚಿಕೊಂಡಿತು. "ಪಕ್ಕಕ್ಕೆ ಬನ್ನಿ ಅಮ್ಮ" ಅಂದ. ಅವರು ಪಕ್ಕಕ್ಕೆ ಬಂದರು, ಆದರೆ ಹೋಗಲಿಲ್ಲ. ಮುಂದೇನು ಅಂತ ತಿಳಿಯದೆ ನಿಂತೇ ಇದ್ದರು.

ನಾವು ಒಳಗೆ ಹೋಗಿ ಕಾರ್ಡು ಪಂಚ್ ಮಾಡುವ ಹೊತ್ತು. ತಡವಾದರೆ ಅರ್ಧ ದಿನ ಹೋಗುತ್ತದೆ. ನಾನು ಸಾಲು ಬಿಟ್ಟು ಅವರ ಹತ್ತಿರ ಹೋದೆ. ಗಾಬರಿಯಲ್ಲಿ ಅವರಿಗೆ ಮೊದಲು ನನ್ನ ಗುರುತು ಸಿಗಲಿಲ್ಲ, ಆಮೇಲೆ ನನ್ನ ಎರಡು ಕೈಯನ್ನೂ ಹಿಡಿದುಕೊಂಡು ಬೆರಳು ಸವರಿ ನೋಡಿದರು. "ಚೆನ್ನಾಗಾಯ್ತು" ಅಂದರು. ಅವರ ಮುಖದಲ್ಲಿ ಸಂತೋಷವೇ ಇತ್ತು. ನಾನು ಸೂಪರ್‌ವೈಸರನ್ನು ಹುಡುಕಿಕೊಂಡು ಓಡಿದೆ.

"ಹೊಲಿಗೆಗೆ ಬ್ಯಾಡ ಮೇಡಂ. ಪ್ಯಾಕಿಂಗಾದ್ರೂ ಕೊಡ್ಸಿ. ಕೈ ಸರಿ ಹೋಯ್ತದೆ, ನಂದು ಹೋಗಿಲ್ವಾ?"

"ಆ ವಯಸ್ಸಿಗೆ ಸರಿ ಹೋಗತ್ತಾ ಅಕ್ಕ?" ಅಂದಳು. ಆದರೂ ಹೋಗಿ ಆಫೀಸಿನಲ್ಲಿ ಮಾತಾಡಿ ಬಂದಳು. ಪ್ಯಾಕಿಂಗ್ ಇಲ್ಲ. ಕಟಿಂಗ್ ಕೋಣೆಯಲ್ಲಿ ಕಸ ಗುಡಿಸುವ ಕೆಲಸ ಒಂದು ಖಾಲಿ ಇತ್ತು, ಕಂಟ್ರಾಕ್ಟ್ ಮೇಲೆ. ಅದಕ್ಕೆ ಆಸ್ಪತ್ರೆ ಕಾರ್ಡೂ ಇಲ್ಲ, ಬಸ್ಸೂ ಇಲ್ಲ. ವಾಪಸ್ ಹೋಗಿ ಅದನ್ನೇ ಆಪಾಗೆ ಹೇಳಿದೆ. ಒಂದು ಕಾಲದಲ್ಲಿ ನನ್ನಂಥ ಹತ್ತು ಮಂದಿಗೆ ಕೆಲಸ ಕೊಟ್ಟಿದ್ದ ಹೆಂಗಸು. ಆಪಾ ಪೂರ್ತಿ ಕೇಳಿಸಿಕೊಳ್ಳಲೂ ಇಲ್ಲ. "ಪೊರಕೆ ಎಲ್ಲಿದೆ?" ಅಂದರು.

ಅವತ್ತು ಮಧ್ಯಾಹ್ನ ಹೊಸ ಬಂಡಲು ತರಲೆಂದು ಕಟಿಂಗ್ ಕೋಣೆಗೆ ಹೋದೆ. ಆಪಾ ಉದ್ದನೆಯ ಮೇಜಿನ ಕೆಳಗಿನಿಂದ ಕತ್ತರಿಸಿ ಬಿದ್ದ ಚೂರುಬಟ್ಟೆ ಎತ್ತುತ್ತಿದ್ದರು. ಕಸದ ಮೂಟೆಗೆ ತುಂಬಿ ಆಚೆ ಹಾಕುವಂಥ ಚೂರುಗಳು, ಅವು ಹರಿದರೂ ಕೇಳುವವರಿಲ್ಲ. ಆದರೂ ಆಪಾ ಬೆರಳುಗಳನ್ನು ಒಳಕ್ಕೆ ಮಡಿಸಿ ಮುಷ್ಟಿ ಕಟ್ಟಿಕೊಂಡಿದ್ದರು. ಬಗ್ಗಿ, ಎರಡು ಮೊಣಕೈ ನಡುವೆ ಚೂರುಗಳನ್ನು ಒತ್ತಿ ಹಿಡಿದು ಎತ್ತಿ, ಬೆರಳು ಒಂದಕ್ಕೂ ತಾಗದ ಹಾಗೆ ಮೂಟೆಯವರೆಗೆ ಹೊತ್ತುಕೊಂಡು ಹೋಗುತ್ತಿದ್ದರು.